ಅವ್ವ ನೋಡಿದ ಥ್ರಿಲ್ಲರ್

ಸಸ್ಪೆನ್ಸ್ ಸಿನಿಮಾ ನೋಡುವಾಗ ಗುಟ್ಟನ್ನು ಮೊದಲೇ ಒದರಿಬಿಡುವ ಕೆಟ್ಟ ಚಟ ನನಗಿದೆ. ಇಂಟರ್‌ವಲ್ಲಿಗೆ ಮುಂಚೆ ಕೊಲೆಗಾರನನ್ನು ಹಿಡಿದುಕೊಡದಿದ್ದರೆ ಊಟ ಸೇರುವುದಿಲ್ಲ. ಹೊಸಪೇಟೆಯ ಟಾಕೀಸಿನಲ್ಲಿ ಒಮ್ಮೆ ಹಿಂದಿನ ಸೀಟಿನವನು ಹೊಡೆಯಲೆಂದೇ ಎದ್ದಿದ್ದ. ಅಂದಿನಿಂದ ಹೆಂಡತಿ ಶೈಲಾ ನನ್ನನ್ನು ಮನೆಯ ಟಿವಿಯ ಮುಂದೆ ಮಾತ್ರ ಕೂರಿಸಿ, ಬಾಯಿಗೆ ಬೇರೆ ಕೆಲಸವಿರಲೆಂದು ಒಗ್ಗರಣೆ ಮಂಡಕ್ಕಿಯ ಬೋಗುಣಿ ಕೈಗೆ ಕೊಡುತ್ತಾಳೆ.

ಮೊನ್ನೆ ಒಂದು ಭಾನುವಾರ ಮಧ್ಯಾಹ್ನ ಹಾಗೆಯೇ ಕೂತಿದ್ದೆವು. ನಾನು, ಶೈಲಾ, ಪಕ್ಕದಲ್ಲಿ ಅಕ್ಕಿ ಆರಿಸುತ್ತ ನಮ್ಮವ್ವ. ಸಿನಿಮಾದ ತಾಯಿಯೊಬ್ಬಳು ಊಟಕ್ಕೆ ದಿನವೂ ಒಂದು ತಟ್ಟೆ ಹೆಚ್ಚಿಗೆ ಇಡುತ್ತಾಳೆ, ಯಾರಿಗೆಂದು ಹೇಳುವುದಿಲ್ಲ. "ಸತ್ತ ಮಗನಿಗಿ! ಮನಿಯವರೆಲ್ಲಾ ಕೂಡಿ ಮುಚ್ಚಿಟ್ಟಾರ!" ಎಂದು ನಾನು ಗೆದ್ದವನಂತೆ ಕೂಗಿದೆ.

ಅವ್ವ ಮೊರದಿಂದ ತಲೆ ಎತ್ತಲಿಲ್ಲ. "ಈಕಿಗೆ ಬುದ್ಧಿ ಇಲ್ಲ. ತಾಟು ಇಟ್ರ ನಾಕು ಮಂದಿ ಕೇಳ್ತಾರ. ಹೆಸರು ಇಟ್ರ ಯಾರೂ ಕೇಳಂಗಿಲ್ಲ."

ನಾನು ಮಂಡಕ್ಕಿಯ ಬೋಗುಣಿ ಕೆಳಗಿಟ್ಟೆ. ಶೈಲಾ ಟಿವಿ ಆರಿಸಿದಳು.

"ಯಾರ ಹೆಸರವ್ವಾ?"

"ನಿನ್ನದ. ಮೊದಲು ಅವನದಿತ್ತು."

ನನಗಿಂತ ಮುಂಚೆ ಅವಳಿಗೊಬ್ಬ ಮಗನಿದ್ದನಂತೆ. ಎಮ್ಮಿಗನೂರಿನ ನಮ್ಮ ಗದ್ದೆಯ ಪಕ್ಕದ ಕಾಲುವೆಯಲ್ಲಿ, ಇನ್ನೂ ನೆಟ್ಟಗೆ ಓಡಲು ಬಾರದ ವಯಸ್ಸಿನಲ್ಲಿ ಹೋಗಿಬಿಟ್ಟ. ಆ ಮಾತನ್ನು ಯಾರೂ ಎತ್ತಕೂಡದೆಂದು ಅಪ್ಪ ಮನೆಯವರಿಂದ ಆಣೆ ಮಾಡಿಸಿದ. ನಾನು ಹುಟ್ಟಿದಾಗ ಅವ್ವ ಹಟ ಹಿಡಿದು ಕೇಳಿದ್ದು ಒಂದೇ: ಪಂಪಾಪತಿ ಎಂಬ ಅದೇ ಹೆಸರು.

"ನಿನ್ನ ಕರದ್ರ ಅವನ್ನೂ ಕರದಂಗ ಆಗ್ತಿತ್ತು ನೋಡಪ. ಅವನ್ನ ಕರೀತೀನಂತ ನಿಮ್ಮಪ್ಪಗ ತಿಳೀಲೇ ಇಲ್ಲ."

ಚಿಕ್ಕವನಿದ್ದಾಗ ಅವಳು ನನ್ನನ್ನು ಸದಾ ಎರಡೆರಡು ಸಲ ಕೂಗುತ್ತಿದ್ದಳು. ನನಗೆ ಕಿವಿ ಮಂದವಿರಬೇಕೆಂದು ನಾನೇ ಎಣ್ಣೆ ಬಿಟ್ಟುಕೊಂಡದ್ದುಂಟು. ಈಗ ಪಕ್ಕದ ಖಾಲಿ ಕುರ್ಚಿಯತ್ತ ತಿರುಗಲು ಧೈರ್ಯ ಬರಲಿಲ್ಲ.

"ಒಮ್ಮೆ ಅಲ್ಲಿಗಿ ಕರ್ಕೊಂಡು ಹೋಗ್ತಿಯೇನಪ?" ಅಂದಳು ಅವ್ವ. ಅಪ್ಪ ತೀರಿಕೊಂಡ ಮೇಲೂ ಅವಳು ಆ ಕಡೆ ಹೆಜ್ಜೆ ಇಟ್ಟಿರಲಿಲ್ಲ.

ಮುಂದಿನ ಭಾನುವಾರ ಕಂಪ್ಲಿಯ ಮೇಲೆ ಎಮ್ಮಿಗನೂರಿನ ದಾರಿ ಹಿಡಿದೆವು. ಭತ್ತದ ಗದ್ದೆಗಳ ನಡುವೆ ಕಾಲುವೆ ತುಂಬಿ, ಸದ್ದೇ ಇಲ್ಲದೆ ಹರಿಯುತ್ತಿತ್ತು. ಅವ್ವ ಶೈಲಾಳ ಕೈ ಬಿಡಿಸಿಕೊಂಡು ದಂಡೆಯ ಮೇಲೆ ನಿಂತಳು. ನಾನು ಎಂದೂ ಕೇಳದ ಎಳೆಯ ದನಿಯಲ್ಲಿ, "ಪಂಪಾ..." ಎಂದು ಕರೆದಳು.

ಐವತ್ತು ವರ್ಷದ ಅಭ್ಯಾಸ, ಬಿಡಬೇಕಲ್ಲ. "ಏನವ್ವಾ?" ಅಂದುಬಿಟ್ಟೆ.

ಅವಳು ಹಿಂತಿರುಗಿ ಕೂಡ ನೋಡಲಿಲ್ಲ. "ನಿನ್ನ ಕರೀಲಿಲ್ಲ, ಸುಮ್ನಿರಲೇ."

ಆಮೇಲೆ ಇನ್ನೊಮ್ಮೆ "ಪಂಪಾ..." ಎಂದು ಕರೆದು, ನೀರಿನಿಂದ ಯಾರೋ ಓಗೊಟ್ಟಂತೆ, ಮೆಲ್ಲಗೆ ನಕ್ಕಳು. ಹುಟ್ಟಿದಾಗಿನಿಂದ ನನ್ನದೇ ಎಂದುಕೊಂಡಿದ್ದ ಹೆಸರು ಕೇಳಿಯೂ ನಾನು ಬಾಯಿ ಮುಚ್ಚಿಕೊಂಡು ನಿಂತದ್ದು ಅದೇ ಮೊದಲು.