ಭಾವನ ಬಣ್ಣದ ಡೋಸು

ನಮ್ಮ ಭಾವನ ಕೈಗೆ ಒಮ್ಮೆ ಸಿಕ್ಕ ಹಕ್ಕಿಯನ್ನು ಮೊಟ್ಟೆಯಿಟ್ಟ ತಾಯಿಯೂ ಗುರುತು ಹಿಡಿಯಲಾರಳು! ಹಾಗಂತ ಅವರೇನೂ ಬೇಟೆಗಾರರಲ್ಲ. ಒಂದು ಪುಕ್ಕವೂ ಕೊಂಕದಂತೆ ಫೋಟೋ ತೆಗೆಯುತ್ತಾರೆ. ಆಮೇಲೆ ಮನೆಗೆ ಬಂದು, ಲ್ಯಾಪ್‌ಟಾಪ್ ಮುಂದೆ ಕೂತು, ಆ ಫೋಟೋವನ್ನು ‘ಪೇಂಟಿಂಗ್’ ಮಾಡುತ್ತಾರೆ. ಕೊಲೆ ನಡೆಯುವುದು ಅಲ್ಲಿ.

ಭಾವ ಅಂದರೆ ನನ್ನ ಅಕ್ಕನ ಗಂಡ, ಸೊರಬದ ಕಡೆಯವರು. ಪಶು ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ಕುರಿ, ಎಮ್ಮೆಗಳಿಗೆ ಸೂಜಿ ಚುಚ್ಚಿ ಚುಚ್ಚಿ ನಿವೃತ್ತರಾದವರು. ಈಗ ಮಂಗನ ಕಾಯಿಲೆಯ ಉಣುಗು ಕಚ್ಚದಿರಲಿ ಎಂದು ಮೈಗೆಲ್ಲ ಎಣ್ಣೆ ಬಳಿದುಕೊಂಡು, ಪ್ಯಾಂಟನ್ನು ಕಾಲುಚೀಲದೊಳಗೆ ತುರುಕಿ, ಕ್ಯಾಮೆರಾ ನೇತುಹಾಕಿಕೊಂಡು ಕ್ಯಾಸನೂರಿನ ಕಾಡಂಚಿಗೆ ಹೊರಡುತ್ತಾರೆ. ಆ ಎಣ್ಣೆಯ ನಾತಕ್ಕೆ ಯಾವ ಹಕ್ಕಿ ತಾನೇ ಕೂತೀತು? ಕೂರುತ್ತವೆ ರೀ! ಅದೇ ನನ್ನ ಹೊಟ್ಟೆಯುರಿ. ಶಿಕಾರಿಪುರದಲ್ಲಿ ಇಪ್ಪತ್ತೈದು ವರ್ಷದಿಂದ ಫೋಟೋ ಸ್ಟುಡಿಯೋ ಇಟ್ಟಿರುವ ನಾನು ಹುಟ್ಟಿದಾಗಿನಿಂದ ಅಂಥದ್ದೊಂದು ಫೋಟೋ ತೆಗೆದಿಲ್ಲ.

ಹದಿನೈದು ದಿನಕ್ಕೊಮ್ಮೆ ಪ್ರಿಂಟ್ ಹಾಕಿಸಲು ಪೆನ್ ಡ್ರೈವ್ ಹಿಡಿದು ನನ್ನ ಸ್ಟುಡಿಯೋಕ್ಕೆ ಹಾಜರು. ಒಮ್ಮೆ ಒಂದು ಮಿಂಚುಳ್ಳಿ ತಂದಿದ್ದರು. ಮೂಲ ಫೋಟೋದಲ್ಲಿ ಕೊಕ್ಕಿನಿಂದ ಬೀಳುವ ನೀರಹನಿ ಕೂಡ ಎಣಿಸಬಹುದಿತ್ತು. ಪೇಂಟಿಂಗಿನಲ್ಲಿ ಹನಿ ಹಾಗಿರಲಿ, ಕೊಕ್ಕೇ ಎಲ್ಲಿದೆ ಎಂದು ಹುಡುಕಬೇಕು.

“ಭಾವ, ಇದು ಮಿಂಚುಳ್ಳಿಯೋ, ನೀಲಿ ಡಬ್ಬಿಯೊಳಗೆ ಬಿದ್ದೆದ್ದ ಕೋಳಿಯೋ?”

“ನಿಂಗೆ ಕಲೆ ಗೊತ್ತಾಗಲ್ಲ ಮಾರಾಯ. ಡೋಸ್ ಇನ್ನೊಂಚೂರು ಏರಿಸ್ಬೇಕು ಅನ್ಸತ್ತೆ.”

ಬಣ್ಣಕ್ಕೂ ಡೋಸ್! ಎಮ್ಮೆಗೆ ಕೊಟ್ಟ ಅಭ್ಯಾಸ, ಎಲ್ಲಿ ಹೋಗುತ್ತೆ? ಆ ಸಾಫ್ಟ್‌ವೇರಿನಲ್ಲಿ ಒಂದು ಗೆರೆ, ಗೆರೆಯ ಮೇಲೊಂದು ಗುಂಡಿ ಇದೆ. ಗುಂಡಿಯನ್ನು ಬಲಕ್ಕೆ ಎಳೆದಷ್ಟೂ ಬಣ್ಣ ಕಿರುಚಿಕೊಳ್ಳುತ್ತದೆ, ಅಂಚು ದಪ್ಪವಾಗುತ್ತದೆ. ಎಳೆಯುವುದರಲ್ಲಿ ಭಾವನದು ಧಾರಾಳ ಕೈ. ಅವರ ಗೂಬೆಯ ಪ್ರಿಂಟೊಂದನ್ನು ಒಣಗಲೆಂದು ಸ್ಟುಡಿಯೋದಲ್ಲಿ ನಿಲ್ಲಿಸಿದ್ದೆ. ಬಳ್ಳಿಗಾವಿಯಿಂದ ಫೋಟೋ ತೆಗೆಸಲು ಬಂದ ಅಜ್ಜಿಯೊಬ್ಬಳು ಚಪ್ಪಲಿ ಹೊರಗೆ ಬಿಟ್ಟು, ಕೆನ್ನೆ ಕೆನ್ನೆ ಬಡಿದುಕೊಂಡು, “ಯಾವೂರಿನ ಅಮ್ಮ ರೀ ಇದು? ಕಣ್ಣು ಭಾಳ ಉಗ್ರ ಅದಾವು” ಅಂದಳು. ಭಾವನಿಗೆ ಹೇಳಿದರೆ ನಾಚಿಕೆಪಡಬೇಕೋ ಬೇಡವೋ? “ನೋಡ್ದ್ಯಾ, ಜನಕ್ಕೆ ಮುಟ್ತಾ ಐತೆ!” ಎಂದು ಹಿಗ್ಗಿದರು.

ಗೃಹಪ್ರವೇಶವಿರಲಿ, ಮದುವೆಯಿರಲಿ, ಭಾವನ ಉಡುಗೊರೆ ಹಕ್ಕಿಯೇ. ನಮ್ಮ ನೆಂಟರ ಮನೆಗಳಲ್ಲೆಲ್ಲ ಬೀರುವಿನ ಹಿಂದೆ ಒಂದೊಂದು ಹಕ್ಕಿ ಅಡಗಿದೆ. ಭಾವನ ಸ್ಕೂಟರಿನ ಸದ್ದು ಕೇಳಿದೊಡನೆ ಅದು ಮೊಳೆಗೆ ಹಾರಿ ಕೂರುತ್ತದೆ, ಅವರು ಹೊರಟೊಡನೆ ಗೂಡು ಸೇರುತ್ತದೆ.

ಅಡಗದೆ ಉಳಿದದ್ದು ನಮ್ಮವ್ವನ ಕೋಣೆಯಲ್ಲಿ ಮಾತ್ರ. ಗೋಡೆ ತುಂಬ ಹದಿನಾಲ್ಕು! ಅವ್ವ ಕುರಿ ಕಾಯುತ್ತ ಬಯಲಲ್ಲಿ ಬೆಳೆದವಳು, ಕೂಗು ಕೇಳಿಯೇ ಹಕ್ಕಿಯ ಹೆಸರು ಹೇಳುವವಳು. ಆದರೆ ಕೆಲವು ವರ್ಷಗಳಿಂದ ಅವಳ ಕಣ್ಣು ಮಂಜಾಗುತ್ತಿತ್ತು. “ಹೋದದ್ದು ಬರಲ್ಲ” ಎಂದು ಶಿವಮೊಗ್ಗದ ಡಾಕ್ಟರು ಹೇಳಿಬಿಟ್ಟಿದ್ದರು. ಮನೆಯೊಳಗೆ ತಡವರಿಸದೆ ಓಡಾಡುತ್ತಿದ್ದುದರಿಂದ ಇನ್ನೂ ಬೇಕಾದಷ್ಟು ಕಾಣುತ್ತದೆ ಎಂದೇ ನಾವು ತಿಳಿದಿದ್ದೆವು.

ಅಳಿಯನ ಎದುರು ನಿಂತು ಮಾತಾಡಬಾರದೆಂಬುದು ಅವ್ವನ ಕಾಲದ ರೂಢಿ. ಭಾವ ಹೊಸ ಚಿತ್ರ ತಂದರೆ ನನ್ನ ಹೆಂಡತಿ ಒಳಗೆ ಒಯ್ದು ಗೋಡೆಗೆ ಹಾಕುವಳು. ಸ್ವಲ್ಪ ಹೊತ್ತಿಗೆ ಬಾಗಿಲ ಮರೆಯಿಂದ ದನಿ ಬರುವುದು: “ಗೊರವಂಕ ಚಲೋ ಐತಿ ಅಂತ ಹೇಳವ್ವಾ ಅಳಿಯಂದ್ರಿಗೆ.” ಹೊರಗೆ ಕೂತ ಭಾವ ಕಿವಿ ನಿಮಿರಿಸಿ ಕೇಳಿ, ಆಮೇಲೆಯೇ ಕಾಫಿ ಲೋಟ ಎತ್ತುವರು. ಹೊಗಳಿಕೆಗೆ ಎಷ್ಟು ಹಸಿವಪ್ಪಾ ಎಂದು ನಾನು ಹಲ್ಲು ಕಡಿಯುತ್ತಿದ್ದೆ.

ಕಳೆದ ತಿಂಗಳು ಮನೆಗೆ ಸುಣ್ಣಬಣ್ಣ ಮಾಡಿಸಿದೆ. ಸಿಕ್ಕಿತಲ್ಲ ಅವಕಾಶ! ಹದಿನಾಲ್ಕನ್ನೂ ಅಟ್ಟಕ್ಕೆ ಸಾಗಿಸಿ, ಆ ಮಿಂಚುಳ್ಳಿಯ ಮೂಲ ಫೋಟೋವನ್ನು ಒಳ್ಳೆಯ ಕಾಗದದ ಮೇಲೆ ಅಚ್ಚು ಹಾಕಿ, ಗಾಜಿನ ಕಟ್ಟು ಹಾಕಿಸಿ, ಅವ್ವನ ಗೋಡೆಗೆ ಅದೊಂದನ್ನೇ ಹಾಕಿದೆ. ಅವ್ವ ಕೊನೆಗೂ ನಿಜವಾದ ಹಕ್ಕಿ ನೋಡಲಿ ಎಂದು.

ಬೆಳಿಗ್ಗೆ ಅವ್ವ ಮಂಚದ ಮೇಲೆ ಕೂತು ಗೋಡೆಯನ್ನೇ ನೋಡುತ್ತಿದ್ದಳು.

“ಹಕ್ಕಿ ಎಲ್ಲಿ ಹೋದ್ವೋ?”

“ಅಲ್ಲೇ ಐತಲ್ಲವ್ವ, ಮಿಂಚುಳ್ಳಿ.”

ಎದ್ದು ಹೋಗಿ ಕೈಯಾಡಿಸಿದಳು. “ಗಾಜು ಐತಿ. ಹಕ್ಕಿ ಇಲ್ಲ.”

ಅಟ್ಟ ಹತ್ತಿ ಹಳೆಯವನ್ನೆಲ್ಲ ಇಳಿಸಿದೆ. ಬಂದ ವರ್ಷದ ಪ್ರಕಾರ ಸಾಲಾಗಿ ಇಟ್ಟಾಗ ನನ್ನ ಕಣ್ಣಿಗೂ ಬಿತ್ತು: ಮೊದಲನೆಯದರಲ್ಲಿ ಬಣ್ಣ ಹದವಾಗಿಯೇ ಇದೆ. ಅಲ್ಲಿಂದ ಒಂದಕ್ಕಿಂತ ಒಂದರ ಅಂಚು ದಪ್ಪ, ಬಣ್ಣ ಗಾಢ. ಅವ್ವ ಹಳೆಯವನ್ನು ಒಂದೊಂದಾಗಿ ದಾಟುತ್ತ ಬಂದು, ಕೊನೆಯ ಎರಡರ ಮುಂದೆ ಮಾತ್ರ ನಿಂತಳು. “ಇಕಾ, ಇಲ್ಲೇ ಅದಾವಲ್ಲ” ಅಂದಳು.

ಭಾವನಿಗೆ ಫೋನ್ ಮಾಡಿದೆ. ನಡೆದದ್ದನ್ನೆಲ್ಲ ಹೇಳಿದೆ.

“ಕಣ್ಣಿನ ವಿಷ್ಯ ಅತ್ತೇರ್ನ ನಾನ್ಹೆಂಗೆ ಕೇಳ್ಲಿ ಮಾರಾಯ? ಹೆಸ್ರು ಸರಿ ಹೇಳಿದ್ರೆ ಕಂಡೈತೆ ಅಂತ. ಹೇಳ್ದೆ ಇದ್ರೆ ಮುಂದಿನ ಸಲ ಡೋಸ್ ಏರ್ಸೋದು. ನಿಮ್ಗೆಲ್ಲ ಕೊಡೋದು ಅತ್ತೇರಿಗೆ ಅಂತ ಮಾಡಿ ಉಳಿದ ಪ್ರಿಂಟು.”

ಇಪ್ಪತ್ತೈದು ವರ್ಷ ಜನರ ಮುಖ ನೋಡಿ ಹೊಟ್ಟೆ ಹೊರೆದವನು ನಾನು. ನನ್ನ ತಾಯಿಯ ಕಣ್ಣು ನೋಡಿರಲಿಲ್ಲ. ನಾಚಿಕೆಯಾಯಿತು, ಅಳುವೂ ಬಂತು.

ಮೊನ್ನೆ ಭಾವ ಕೆಂಬೂತದ ಫೋಟೋ ತಂದರು. ಈ ಸಲ ಮೌಸ್ ಹಿಡಿದವನು ನಾನು. ಗುಂಡಿಯನ್ನು ಬಲಕ್ಕೆ, ಇನ್ನೂ ಬಲಕ್ಕೆ ಎಳೆದೆ. ಗೆರೆ ಮುಗಿದುಹೋಯಿತು.

“ಇನ್ನು ಜಾಗ ಇಲ್ಲ ಭಾವ.”

ಅವರು ಕನ್ನಡಕ ತೆಗೆದು ಒರೆಸಿಕೊಂಡರು. “ಹಂಗಾದ್ರೆ ಹಕ್ಕಿನೇ ದೊಡ್ದು ಮಾಡು.”

ಟೇಪು ತೆಗೆದುಕೊಂಡು ಮನೆಗೆ ಹೋಗಿ ಅವ್ವನ ಗೋಡೆಯನ್ನು ಅಳೆದೆ, ಈ ಮೂಲೆಯಿಂದ ಆ ಮೂಲೆಯವರೆಗೆ.