ಎಸ್ತೇರಿಯ ಕಲ್ಲಿಗೆ ಒಂದು ಸಾಲು

ಹೆಂಡತಿ ಸತ್ತವನಿಗೆ ಅಳುವುದಕ್ಕಾದರೂ ಬಿಡುವು ಸಿಗುತ್ತದೆ ಎಂದು ನಾನು ತಿಳಿದಿದ್ದೆ. ಅದು ತಪ್ಪು. ಅವಳು ಈಗ ಎಲ್ಲಿದ್ದಾಳೆ ಎಂಬುದು ಮೊದಲು ತೀರ್ಮಾನವಾಗಬೇಕು. ನನ್ನ ಎಸ್ತೇರಿ ಹೋದ ಚಳಿಗಾಲದಲ್ಲಿ ಎದೆನೋವು ಎಂದು ಕೂತವಳು ಮತ್ತೆ ಏಳಲಿಲ್ಲ. ಚಳ್ಳಕೆರೆಯ ಹೊರಗೆ, ಜಾಲಿ ಗಿಡಗಳ ನಡುವೆ ಮಣ್ಣು ಮಾಡಿದೆವು. ಮೇಲೊಂದು ಕಲ್ಲು, ಕಲ್ಲಿನಲ್ಲಿ ಹೆಸರು, ಹೆಸರಿನ ಕೆಳಗೆ ಒಂದು ಸಾಲು. ಆ ಒಂದು ಸಾಲಿಗೆ ಐದು ತಿಂಗಳು ಹಿಡಿಯಿತು.

ನನ್ನ ಅಣ್ಣ ದೇವದಾಸ ಇಲ್ಲಿಯ ಚರ್ಚಿನ ಹಿರಿಯ. "ಪ್ರಭುವಿನ ಸನ್ನಿಧಿಯಲ್ಲಿದ್ದಾಳೆ ಅಂತ ಬರೆಸೋ. ಪ್ರಭುವಿನ ಪಕ್ಕದ ಶಿಲುಬೆ ಮೇಲಿದ್ದ ಕಳ್ಳನಿಗೇ ಅವತ್ತೇ ಪರದೈಸು, ಅಂದ್ರೆ ಸ್ವರ್ಗ, ಸಿಕ್ಕೈತೆ, ಇವಳಿಗೆ ಸಿಗಲ್ವಾ?" ಎಂದ. ಎಸ್ತೇರಿಯ ತಮ್ಮ ಪ್ರಭಾಕರ ಮೊಳಕಾಲ್ಮೂರಿನಲ್ಲಿ ಬೇರೊಂದು ಪ್ರಾರ್ಥನಾ ಮಂದಿರಕ್ಕೆ ಹೋಗುವವನು. "ಇಲ್ಲ ಭಾವ, ಸತ್ತೋರು ಕಡೇ ದಿನದ ತನಕ ಮಲಗಿರ್ತಾರೆ. ಸತ್ತ ಗೆಳೆಯನ್ನ ಪ್ರಭುನೇ ಮಲಗಿದಾನೆ ಅಂದಿಲ್ವಾ? ನಿದ್ರಿಸುತ್ತಿದ್ದಾಳೆ ಅಂತ ಕೆತ್ತಿಸ್ರಿ," ಎಂದ. ಇಬ್ಬರ ಕೈಯಲ್ಲೂ ಇದ್ದದ್ದು ಒಂದೇ ಬೈಬಲ್. ಅಣ್ಣನದಕ್ಕೆ ಜಿಪ್ ಇತ್ತು, ಅಷ್ಟೇ ವ್ಯತ್ಯಾಸ. ಪ್ರತಿ ಭಾನುವಾರ ನಮ್ಮ ಜಗಲಿಯಲ್ಲಿ ವಾದ ನಡೆಯುತ್ತಿತ್ತು. ನಾನು ಕೆಟ್ಟದಾಗಿ ಚಹಾ ಮಾಡಿ ಕೊಡುತ್ತಿದ್ದೆ. ಅದು ಕೆಟ್ಟದಾಗಿದೆ ಎಂಬುದನ್ನು ಇಬ್ಬರೂ ಗಮನಿಸುತ್ತಿರಲಿಲ್ಲ.

ನನ್ನ ಕಷ್ಟವೇ ಬೇರೆ. ಅವಳು ಎಚ್ಚರವಾಗಿದ್ದರೆ ನನ್ನನ್ನು ನೋಡುತ್ತಿರುತ್ತಾಳೆ: ನಾಲ್ಕು ದಿನದಿಂದ ಅದೇ ಅಂಗಿ, ಉಕ್ಕಿ ಚೆಲ್ಲಿದ ಹಾಲು, ಒಣಗಿ ನಿಂತ ದಾಸವಾಳ. ಇದನ್ನೆಲ್ಲ ನೋಡುತ್ತಾ ಯಾವ ಸ್ವರ್ಗದಲ್ಲಿ ಅವಳಿಗೆ ನೆಮ್ಮದಿ? ಮಲಗಿದ್ದರೆ ಒಳ್ಳೆಯದೇ, ಮೂವತ್ತು ವರ್ಷದಲ್ಲಿ ಬೆಳಗಿನ ಐದರ ಮೇಲೆ ಅವಳು ಮಲಗಿದ್ದನ್ನು ನಾನು ಕಂಡಿಲ್ಲ. ಆದರೆ ಹಾಗಿದ್ದರೆ, ದಿನಾ ಒಲೆಯ ಮುಂದೆ ನಿಂತು ನಾನು ಆಡುವ ಮಾತು ಯಾರ ಕಿವಿಗೆ ಬೀಳುತ್ತದೆ?

ಕಲ್ಲು ಕೆತ್ತುವ ಓಬಳಪ್ಪ ಬೇಸತ್ತು, "ಏಮಿ ಸಾರ್, ಏನಾರ ಒಂದು ಹೇಳ್ರಿ, ಉಳಿ ತುಕ್ಕು ಹಿಡೀತೈತೆ," ಎಂದಾಗ ನಾನು ಹೆಸರಷ್ಟೇ ಸಾಕು ಎಂದುಬಿಟ್ಟೆ.

ಕಲ್ಲು ನಿಲ್ಲಿಸುವ ದಿನ ಇಬ್ಬರೂ ಬಂದರು. ತಾನೂ ಗೆದ್ದಿಲ್ಲ, ಅವನೂ ಗೆದ್ದಿಲ್ಲ ಎಂದು ಇಬ್ಬರಿಗೂ ಸಮಾಧಾನ. ಅಣ್ಣ ಕಲ್ಲನ್ನು ಸವರಿ, "ಕೆಳಗ್ಯಾಕೋ ಇಷ್ಟು ಖಾಲಿ?" ಎಂದು ಕೇಳಿದ.

"ಅಲ್ಲಿ ನನ್ನ ಹೆಸರು ಬರ್ತದೆ. ನಾನೂ ಅವಳ ಹತ್ರನೇ ಹೋಗ್ತೀನಲ್ಲ," ಎಂದೆ.

ಅಣ್ಣ ಕಲ್ಲಿನ ಮೇಲಿಂದ ಕೈ ತೆಗೆದ. "ಮಣ್ಣೇನೋ ಪಕ್ಕದಲ್ಲೇ ಸಿಗಬಹುದು ಕಣೋ. ಆಮೇಲಿಂದು ಹೇಳಕ್ಕಾಗಲ್ಲ. ಕ್ರಿಸ್‌ಮಸ್ ಬಿಟ್ರೆ ನೀನು ಚರ್ಚಿನ ಮುಖ ನೋಡಿ ಎಷ್ಟು ವರ್ಷ ಆತು?"

ನಾನು ಪ್ರಭಾಕರನ ಕಡೆ ನೋಡಿದೆ. ಅವನು ತಲೆ ತಗ್ಗಿಸಿ, "ಅಣ್ಣಾರು ಹೇಳಿದ್ದು ಸರಿ ಐತೆ ಭಾವ," ಎಂದ.

ಐದು ತಿಂಗಳಲ್ಲಿ ಅವರಿಬ್ಬರ ವೇದ ಕೂಡಿದ್ದು ಅದೊಂದೇ ಸಲ. ಆಮೇಲೆ ಇಬ್ಬರೂ ಪ್ರೀತಿಯಿಂದ ಮಾತಾಡಿಕೊಳ್ಳುತ್ತಾ ಒಂದೇ ಬೈಕಿನಲ್ಲಿ ಹೋದರು. ಮೂರನೆಯವನಿಗೆ ಅದರಲ್ಲಿ ಜಾಗವಿರಲಿಲ್ಲ. ನಾನು ನಡೆದುಕೊಂಡು ಮನೆಗೆ ಬಂದೆ.