ಗಂಡಸರ ಅಳತೆಯ ಸೇಫ್ಟಿ

ತೆಂಗಿನಕಾಯಿಗೆ ಮೂರು ಕಣ್ಣು, ತಲೆ ತಪ್ಪಿಸ್ಕಂಡೇ ಬೀಳ್ತದೆ ಅಂತ ನಮ್ಮ ಕಡೆ ಮಾತು. ಸೇಫ್ಟಿಗೆ ಎಷ್ಟು ಕಣ್ಣೋ ಕಾಣೆ, ಅದಕ್ಕೆ ಗಂಡಸರು ಮಾತ್ರ ಕಾಣ್ತಾರೆ. ತಿಪಟೂರಿನ ಹೊರಗೆ ಒಂದು ಕಾಯಿಪುಡಿ ಫ್ಯಾಕ್ಟರಿಯ ಗೇಟು ಕಾಯೋ ನನಗೆ ಇಂಥವು ಕಾಣ್ತಾನೇ ಇರ್ತವೆ. ನಾನು ಸ್ಕೂಲಿನ ಮೆಟ್ಟಿಲು ಹತ್ತಿದೋನಲ್ಲ, ತೆಂಗಿನಮರ ಹತ್ತಿದೋನು. ಒಂದ್ಸಲ ತುದಿಯಿಂದ ಬಿದ್ದೆ. ನನಗೇನೂ ಆಗ್ಲಿಲ್ಲ. ಬಿದ್ದ ಜಾಗದಲ್ಲಾದ ಗುಂಡೀಲಿ ತೋಟದೋರು ಸಸಿ ನೆಟ್ಟರು, ಈಗದು ಫಲ ಕೊಡ್ತಾ ಐತೆ.

ತಲೆಗೆ

ನಮ್ಮ ಫ್ಯಾಕ್ಟರಿ ಹೆಂಗಸರು ಸಾವ್ಕಾರ್ರನ್ನ ಕೇಳಿದ್ದು ಒಂದು ಕಕ್ಕಸು. ಬಂದಿದ್ದು ಹೆಲ್ಮೆಟ್ಟು.

"ಹಾಕ್ದೇ ಇದ್ರೆ ಅವತ್ತಿನ ಕೂಲಿ ಇಲ್ಲ" ಅಂದ್ರು ಸಾವ್ಕಾರ್ರು. ನೆರಳಲ್ಲಿ ಕೂತು ತೂಕ ನೋಡೋ ಗಂಡಸರು ಮದುವೆಗಂಡಿನಂಗೆ ಹಾಕ್ಕಂಡ್ರು. ಹೆಂಗಸರು ಕಾಯಿ ಹೊರೋರು. ತಲೆ ಮೇಲೆ ಬಟ್ಟೆ ಸಿಂಬಿ, ಅದರ ಮೇಲೆ ಮಂಕರಿ. ನುಣ್ಣನೆ ಹೆಲ್ಮೆಟ್ಟಿನ ಮೇಲೆ ಸಿಂಬಿ ನಿಂತೀತಾ? ಮಂಕರಿ ಜಾರಿ, ಕಾಯೆಲ್ಲ ಸಾವ್ಕಾರ್ರ ಪಾದದ ಮೇಲೇ ಬಿದ್ದವು.

ಹೆಂಗಸರ ಗುಂಪಿಗೆ ಹಂದನಕೆರೆ ಅಕ್ಕನೇ ಮುಂದು. ನನಗಿಂತ ಚಿಕ್ಕೋಳು, ಆ ಬಾಯಿಗೆ ಹೆದರಿ ನಾನೂ ಅಕ್ಕ ಅಂತೀನಿ. ಅವಳು ತನ್ನ ಹೆಲ್ಮೆಟ್ಟು ತೆಗೆದು ಸಾವ್ಕಾರ್ರ ಮುಂದಿಟ್ಲು. "ತಗಳಿ, ಕಾಲಿಗೆ ಹಾಕ್ಕಳಿ."

ಕೈಗೆ

ಮತ್ತೆ ಕಕ್ಕಸು ಕೇಳಿದ್ರು. ಗ್ಲೌಸು ಬಂತು.

ಅದೂ ಗಂಡಸರ ಅಳತೆ. ಕಾಯಿ ಸಿಪ್ಪೆ ಹೆರೆಯೋ ಹೆಂಗಸರ ಬೆರಳು ಮುಗಿದ ಮೇಲೂ ಗ್ಲೌಸು ಇನ್ನೂ ಮುಂದಕ್ಕೆ ಹೋಗ್ತಿತ್ತು. ಒಂದಿನ ಮ್ಯಾನೇಜರು ಹೆರೆದ ಕಾಯಿ ಬುಟ್ಟಿಗೆ ಕೈ ಹಾಕಿದ್ರು, ಕೈಗೆ ಒಂದು ಬೆರಳು ಬಂತು. "ಯಾರದ್ದು" ಅಂತ ಕೇಳಿದೋರೇ ಅಲ್ಲೇ ಉರುಳಿದ್ರು. ನೋಡಿದ್ರೆ ಹೆರೆಯುವಾಗ ತುಂಡಾದ ಗ್ಲೌಸಿನ ಖಾಲಿ ತುದಿ.

ಹೆಂಗಸರೇ ಅವರನ್ನ ಹೊತ್ಕಂಡು ಹೋಗಿ ಫ್ಯಾನಿನ ಕೆಳಗೆ ಮಲಗಿಸಿದ್ರು. ಅಕ್ಕ ಅಂದ್ಲು, "ನೋಡ್ರಮ್ಮ, ಮಂಕರಿಗಿಂತ ಹಗೂರ ಅವ್ರೆ."

ನೀರಿಗೆ

ಬೇಸಿಗೇಲಿ ಒಬ್ಬ ಹೆಣ್ಮಗಳು ತಲೆ ತಿರುಗಿ ಬಿದ್ಲು. ಡಾಕ್ಟ್ರು, "ಯಾಕಮ್ಮ, ನೀರೇ ಕುಡಿಯಲ್ವಾ?" ಅಂದ್ರು.

"ಕುಡಿದ್ರೆ ಹೋಗದೆಲ್ಲಿಗೆ ಸಾಮಿ?"

ಗಂಡಸರಿಗೆ ಕಾಂಪೌಂಡಿನಾಚೆ ತೋಟ ಐತೆ, ಮರಕ್ಕೊಬ್ಬರು. ಹೆಂಗಸರು ಬೆಳಗ್ಗೆಯಿಂದ ಸಂಜೆವರೆಗೂ ಬಾಯಿ ಒಣಗಿಸ್ಕಂಡೇ ಇರ್ತಿದ್ರು. ಡಾಕ್ಟ್ರ ಮಾತು ಸಾವ್ಕಾರ್ರ ಮನಸ್ಸಿಗೆ ತಟ್ಟಿತು. ಮಾರನೇ ದಿನವೇ 'ಹೆಚ್ಚು ನೀರು ಕುಡಿಯಿರಿ' ಅಂತ ಒಂದು ಬೋರ್ಡು ನಿಲ್ಲಿಸಿದ್ರು.

ಅಕ್ಕ ಬೋರ್ಡಿನ ಸುತ್ತ ಒಂದು ಸುತ್ತು ಬಂದ್ಲು. "ಇನ್ನೊಸಿ ಅಗಲ ಮಾಡ್ಸಿ ಸಾವ್ಕಾರ್ರೇ. ಹಿಂದೆ ಒಬ್ಬರು ಕೂರಂಗಾಗ್ಲಿ."

ಎಳನೀರಿಗೆ

ಆಮೇಲೆ ಸೇಫ್ಟಿ ತಪಾಸಣೆಗೆ ಆಫೀಸರಮ್ಮ ಬರ್ತಾರೆ ಅಂತ ಸುದ್ದಿ ಬಂತು. ಅಕ್ಕ ಗೇಟಿಗೆ ಬಂದು, "ಅಣ್ಣಯ್ಯ, ಮಚ್ಚು ಮಸೆದಿಟ್ಕ. ಅವರ ಕೈ ಖಾಲಿ ಇರಬಾರ್ದು" ಅಂದ್ಲು.

ನನಗೆ ಹೇಳಿಕೊಡಬೇಕಾ? ನಾನು ಕೊಚ್ಚೋ ರಭಸಕ್ಕೆ ಎಳನೀರಿಗೆ ತನ್ನ ತಲೆ ಹೋಗಿದ್ದೇ ಗೊತ್ತಾಗಲ್ಲ. ಆಫೀಸರಮ್ಮ ಒಂದು ಕುಡಿದ್ರು. ಅಕ್ಕ ಇನ್ನೊಂದು ಹಿಡಿಸಿದ್ಲು. ಏನೂ ತಿಳಿಯದ ಸಾವ್ಕಾರ್ರು, "ತಿಪಟೂರಿಗೆ ಬಂದು ಎಳನೀರು ಬೇಡ ಅಂದ್ರೆ ಹೆಂಗೆ ಮೇಡಂ" ಅಂತ ತಾವೇ ಮತ್ತೊಂದು ಕೊಟ್ರು.

ಹೆಲ್ಮೆಟ್ಟು ನೋಡೋವಾಗ ಆಯಮ್ಮ ನಿಧಾನಕ್ಕೆ ನಡೀತಿದ್ರು. ಗ್ಲೌಸಿನ ಹತ್ರ ಬಿರುಸಾದ್ರು. ಬೋರ್ಡಿನ ಮುಂದೆ ನಿಂತು ಕೇಳೇಬಿಟ್ರು, "ಲೇಡೀಸ್ ಟಾಯ್ಲೆಟ್ ಎಲ್ಲಿ?"

ಸಾವ್ಕಾರ್ರು ನನ್ನ ಮುಖ ನೋಡಿದ್ರು. ನಾನು ತೆಂಗಿನಮರ ನೋಡ್ದೆ.

"ನಾವೂ ಅದನ್ನೇ ಹುಡುಕ್ತಾ ಇದೀವಿ ಮೇಡಂ" ಅಂದ್ಲು ಅಕ್ಕ, ಸಮಾಧಾನವಾಗಿ. "ಅಲ್ಲೀಗಂಟ ಇನ್ನೊಂದು ಕುಡೀರಿ."

ಆಫೀಸರಮ್ಮನ ಜೀಪು ಹೋದ ವೇಗಕ್ಕೆ ಎದ್ದ ಧೂಳು ಆಚೆ ಊರು ಹಾಲ್ಕುರಿಕೇಲಿ ಇಳೀತಂತೆ. ಆ ವಾರವೇ ಗಾರೆಯೋರು ಬಂದ್ರು. ಬಾಗಿಲು, ಚಿಲಕ, ನಲ್ಲಿ ಎಲ್ಲಾ ಆಯ್ತು. ಅದಕ್ಕೆ ನನ್ನ ಹೆಸರಿಡಬೇಕಾಗಿತ್ತು, ಹೋಗ್ಲಿ ಬುಡಿ. ಹೆಂಗಸರು ಈಗ ಹೊಟ್ಟೆ ತುಂಬ ನೀರು ಕುಡೀತಾರೆ.

ಸಾವ್ಕಾರ್ರ ಭಯ ಮಾತ್ರ ಇನ್ನೂ ಹೋಗಿಲ್ಲ. ಯಾವ ಆಫೀಸರು ಬಂದ್ರೂ ಕಾಫಿ ತರಿಸ್ತಾರೆ, ಅದೂ ಅರ್ಧ ಲೋಟ.